ಬಿಟ್ಟುಕೊಟ್ಟ ಪೀರಿಯಡ್‌ಗಳು

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕೆನ್ನುವವರ ಶಾಲೆಯಲ್ಲಿ ನಾನು ಹೆಡ್‌ಮಿಸ್ ಆಗಿದ್ದೆ. ನಾಗರಬಾವಿ ಆಚೆಯ ಉಲ್ಲಾಳದ ಒಳರಸ್ತೆಯ ಖಾಸಗಿ ಶಾಲೆ ಅದು. ಒಂದು ಬೇಸಿಗೆಯಲ್ಲಿ ಗೇಟಿನ ಮೇಲೆ ಬ್ಯಾನರ್ ಬಿತ್ತು: ಆರನೇ ಕ್ಲಾಸಿನಿಂದಲೇ ಕೋಡಿಂಗ್! ಕಲಿಸುವವರು ಯಾರು, ಪೀರಿಯಡ್ ಎಲ್ಲಿಂದ ತರೋದು ಎಂದು ನನ್ನನ್ನು ಒಬ್ಬರೂ ಕೇಳಿರಲಿಲ್ಲ.

ಸೆಕ್ರೆಟರಿ ಕರೆಸಿದರು. ಶಾಲೆ ನಿಂತಿರುವುದು ಅವರ ತಾತನ ರಾಗಿ ಹೊಲದಲ್ಲೇ.

"ಆರರಿಂದ ಮೇಲಕ್ಕೆ ಡ್ರಾಯಿಂಗ್ ಪೀರಿಯಡ್ ಪೂರ್ತಿ ಕೋಡಿಂಗ್‌ಗೆ ಹಾಕಿ ಮೇಡಂ. ಈ ವರ್ಷ ಪಾರ್ಟ್‌ಟೈಮ್ ಹುಡುಗ ಬರ್ತಾನೆ. ಮುಂದಿನ ವರ್ಷ ಫುಲ್‌ಟೈಮ್ ಒಬ್ರನ್ನ ತಗೋಬೇಕು. ಬಜೆಟ್ ಅಷ್ಟೇ ಇರತ್ತೆ, ಆಗ ಈಗಿರೋರಲ್ಲಿ ಯಾರಿಗೆ ಪೀರಿಯಡ್ ಕಮ್ಮಿ ಇರತ್ತೋ ಅವ್ರು ಹೋಗ್ಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕಲ್ವಾ?"

"ಹಾಸಿಗೆ ಕತ್ತರಿಸ್ತಿರೋರು ನೀವೇ ಅಲ್ವಾ ಸಾರ್?" ಎಂದೆ. ನನ್ನ ಬಾಯಿ ಮೊದಲಿಂದಲೂ ಹಾಗೇ. ಅವರು ನಕ್ಕು ಫೋನ್ ತೆಗೆದುಕೊಂಡರು.

ಡ್ರಾಯಿಂಗ್ ಮಿಸ್ ಗದಗದ ಕಡೆಯವಳು. ಗಂಡ ಜೊತೆಗಿರಲಿಲ್ಲ. ನಾಗರಬಾವಿಯ ಒಂಟಿ ರೂಮಿನಲ್ಲಿ ಮಗಳನ್ನು ಇಟ್ಟುಕೊಂಡಿದ್ದಳು. ಮಗಳು ನಮ್ಮಲ್ಲೇ ಮೂರನೇ ಕ್ಲಾಸು, ಸ್ಟಾಫ್ ಮಕ್ಕಳಿಗೆ ಫೀಸಿಲ್ಲ ಎಂಬ ಕಾರಣಕ್ಕೆ. ಅಮ್ಮನ ಕೆಲಸ ಹೋದರೆ ಮಗಳ ಸೀಟೂ ಹೋದಂತೆಯೇ.

ಮಧ್ಯಾಹ್ನದ ಟೀ ಹೊತ್ತಿನಲ್ಲಿ ಇದನ್ನು ಸೈನ್ಸ್ ಮಿಸ್ ಹತ್ತಿರ ಹೇಳಿಕೊಂಡೆ. ಶಾಲೆಯಲ್ಲಿ ನನ್ನಷ್ಟೇ ಹಳಬರು, ಹೊಸಹಳ್ಳಿಯಿಂದ ಬರುತ್ತಿದ್ದರು. ಗಂಡನ ಅಂಗಡಿ ಮುಚ್ಚಿದ ಮೇಲೆ ಅವರ ಸಂಬಳದಲ್ಲೇ ಮನೆ ನಡೆಯುತ್ತಿತ್ತು.

"ಅಯ್ಯೋ, ಆ ಹುಡುಗಿ ಹೊಟ್ಟೆ ಮೇಲೆ ಯಾಕೆ ಹೊಡೀತಾರೆ? ಪಿಯುಸೀಲಿ ಸೈನ್ಸ್ ಓದಿದಾಳಲ್ಲ. ನನ್ನ ಆರು, ಏಳನೇ ಕ್ಲಾಸು ಅವಳಿಗೆ ಹಾಕಿಬಿಡಿ. ನಾನು ಹೇಳಿಕೊಡ್ತೀನಿ," ಎಂದರು.

ಹಾಗೇ ಮಾಡಿದೆವು. ಇಂಥದ್ದಕ್ಕೆ ನಮ್ಮ ಸ್ಟಾಫ್‌ರೂಮಿನಲ್ಲಿ ಇದ್ದ ಹೆಸರು ಅಡ್ಜಸ್ಟ್‌ಮೆಂಟ್. ಯಾರಾದರೂ ರಜೆ ಹಾಕಿದರೆ ಇನ್ನೊಬ್ಬರು ಅವರ ಕ್ಲಾಸಿಗೆ ಹೋಗುವುದು ನಮಗೆ ಅಭ್ಯಾಸ. ಈ ಅಡ್ಜಸ್ಟ್‌ಮೆಂಟ್ ಮಾತ್ರ ವರ್ಷಪೂರ್ತಿ ನಡೆಯಿತು. ಸಂಜೆ ಮಕ್ಕಳು ಹೋದ ಮೇಲೆ ಇಬ್ಬರೂ ಲ್ಯಾಬಿನಲ್ಲಿ ಕೂರುತ್ತಿದ್ದರು. ಮರುದಿನ ಡ್ರಾಯಿಂಗ್ ಮಿಸ್ ದಾಸವಾಳದ ಒಳಭಾಗವನ್ನು ಬೋರ್ಡ್ ತುಂಬ ಬಣ್ಣದ ಸೀಮೆಸುಣ್ಣದಲ್ಲಿ ಬಿಡಿಸಿದರೆ, ಸೈನ್ಸ್ ಎಂದರೆ ಹೊಟ್ಟೆನೋವು ಎನ್ನುತ್ತಿದ್ದ ಮಕ್ಕಳೂ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದವು. ನನಗೆ ಎಷ್ಟು ಖುಷಿಯಾಯಿತೆಂದರೆ, ಮುಂದಿನದು ಹೊಳೆಯಲೇ ಇಲ್ಲ.

ವರ್ಷದ ಕೊನೆಯಲ್ಲಿ ಸೆಕ್ರೆಟರಿ ಏಳನೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳಿದರು. ಆಮೇಲೆ ನನ್ನ ರೂಮಿಗೆ ಬಂದರು.

"ಸೂಪರ್ ಮೇಡಂ! ಡ್ರಾಯಿಂಗ್ ಮಿಸ್ಸೇ ಇಷ್ಟು ಚೆನ್ನಾಗಿ ಮಾಡ್ತಾರೆ ಅಂದ್ಮೇಲೆ ಸೀನಿಯರ್ ಸೈನ್ಸ್ ಮಿಸ್ ಯಾಕೆ? ಎಂಟನೇದೂ ಇವ್ರಿಗೇ ಕೊಡಿ. ಒಂಬತ್ತು, ಹತ್ತು ಮ್ಯಾಥ್ಸ್ ಮೇಷ್ಟ್ರು ಅಡ್ಜಸ್ಟ್ ಮಾಡ್ಕೋತಾರೆ."

"ಕಲಿಸಿದ್ದೇ ಅವ್ರು ಸಾರ್! ಹೊಳೆ ದಾಟಿದ್ಮೇಲೆ ಅಂಬಿಗ ಬೇಡ್ವಾ?" ಎಂದು ಕಿರುಚಿದೆ. ಕಾರಿಡಾರಿನಲ್ಲಿದ್ದ ಮಕ್ಕಳು ತಿರುಗಿ ನೋಡಿದರು.

"ಯಾಕ್ ಕೂಗಾಡ್ತೀರಾ? ಈಗ ಪೀರಿಯಡ್ ಕಮ್ಮಿ ಇರೋದು ಅವ್ರಿಗೇ ತಾನೆ?"

ಟೈಮ್‌ಟೇಬಲ್ ಗೋಡೆಯ ಮೇಲೇ ಇತ್ತು. ಚಿಕ್ಕ ಕ್ಲಾಸುಗಳ ಡ್ರಾಯಿಂಗ್ ಜೊತೆ ಆರು, ಏಳನೇ ಕ್ಲಾಸಿನ ಸೈನ್ಸೂ ಸೇರಿ ಡ್ರಾಯಿಂಗ್ ಮಿಸ್‌ಗೇ ಹೆಚ್ಚಿತ್ತು; ಅವರು ಹೇಳಿದ್ದು ನಿಜವಾಗಿತ್ತು.

ಸೈನ್ಸ್ ಮಿಸ್‌ಗೆ ಲ್ಯಾಬಿನಲ್ಲೇ ಹೇಳಿದೆ. ಅವರು ಬೆಂಚು ಒರೆಸಿದರು. "ಅವಳಿಗೆ ಹೇಳ್ಬೇಡಿ. ನಾನೇ ಬಿಟ್ಟೆ ಅನ್ನಿ. ಗೊತ್ತಾದ್ರೆ ಪಾಠ ಮಾಡೋಕಾಗಲ್ಲ ಅವಳಿಗೆ," ಎಂದರು. ಮನೇಲಿ ಏನು ಹೇಳ್ತೀರಿ ಎಂದು ಕೇಳಿದೆ. ಅವರು ಲ್ಯಾಬಿನ ಬೀಗದ ಕೈಯನ್ನು ನನ್ನ ಮುಂದಿಟ್ಟರು.

ಶಾಲೆ ಶುರುವಾದ ದಿನ ಡ್ರಾಯಿಂಗ್ ಮಿಸ್ ಹೊಸ ಟೈಮ್‌ಟೇಬಲ್ ಮುಂದೆ ನಿಂತಿದ್ದಳು.

"ಮೇಡಂ, ಮಿಸ್ಸಾರು ಯಾಕ ಬಂದಿಲ್ರೀ?"

"ಅವರೇ ಬಿಟ್ಟರು ಕಣಮ್ಮಾ."

ಆಕೆ ಎಂಟನೇ ಕ್ಲಾಸಿನ ಸಾಲಿನ ಮೇಲೆ ಬೆರಳಿಟ್ಟಳು. ಅಲ್ಲಿ ಅವಳ ಹೆಸರಿತ್ತು. ಬೆರಳು ಹತ್ತನೇ ಕ್ಲಾಸಿನವರೆಗೂ ಇಳಿಯಿತು. ಎಲ್ಲೂ ಸೈನ್ಸ್ ಮಿಸ್ ಹೆಸರಿರಲಿಲ್ಲ.

"ಮೇಡಂ, ನಾನು ಛಲೋ ಪಾಠ ಮಾಡಿದ್ದಕ್ಕ ಹಿಂಗಾತೇನ್ರೀ?"

ಬಾಯಿಬಡುಕಿ ನಾನು, ಟೈಮ್‌ಟೇಬಲ್ಲಿನ ಮೂಲೆಯ ಪಿನ್ನು ಒತ್ತುತ್ತ ನಿಂತೆ. ಬೆಲ್ ಆಯಿತು. ಅವಳ ಮಗಳು ಬ್ಯಾಗು ಹೊತ್ತು ತನ್ನ ಕ್ಲಾಸಿಗೆ ಓಡುತ್ತಿದ್ದುದು ಕಿಟಕಿಯಿಂದ ಕಾಣುತ್ತಿತ್ತು. ಡ್ರಾಯಿಂಗ್ ಮಿಸ್ ಅದನ್ನು ನೋಡಿದಳು, ಕಣ್ಣೊರೆಸಿಕೊಂಡಳು, ಎಂಟನೇ ಕ್ಲಾಸಿಗೆ ಹೋದಳು.