ಹದ್ದಿನ ಮನಸ್ಸಿನ ಬಗ್ಗೆ ನಾನು ಓದಿದ ಸುಳ್ಳು

ನಾನು ಸುಳ್ಳು ಓದಿದೆ. ತಪ್ಪು ಓದಲಿಲ್ಲ — ಸುಳ್ಳು ಓದಿದೆ. ಕಣ್ಣ ಮುಂದಿದ್ದ ಪುಟವನ್ನು ಬಿಟ್ಟು, ಬೇಕೆಂದೇ ಇನ್ನೊಂದು ಪುಟ ತಿರುವಿ, ಇದೇ ನಿಯಮ ಎಂದೆ. ನನ್ನನ್ನು ನಂಬದೆ ಬೇರೆ ದಾರಿಯಿಲ್ಲದ ಮನುಷ್ಯನಿಗೆ ಹಾಗೆಂದೆ.

ಅದೂ ಒಂದು ಆಟದ ನಿಯಮ. ಆಟದಲ್ಲಿ ತಾನೇ, ಎಂದು ನಗುವವರಿದ್ದೀರಿ, ನಗಿ. ನನಗೆ ಸಮಾಧಾನ ಹೇಳಲು ಮಾತ್ರ ಬರಬೇಡಿ.

ಎಂಬತ್ತರ ದಶಕದ ನಡುವಿನ ಮಾತು. ನಾನಾಗ ಮಾಲೂರಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಹಡಗಿನಲ್ಲಿ ಕೆಲಸಕ್ಕಿದ್ದ ನನ್ನ ಸೋದರಮಾವ ರಜೆಗೆ ಬಂದಾಗ ಒಂದು ಪೆಟ್ಟಿಗೆ ತಂದುಕೊಟ್ಟಿದ್ದರು. ಒಳಗೆ ದಪ್ಪನೆಯ ಇಂಗ್ಲಿಷ್ ಪುಸ್ತಕ, ಜೊತೆಗೆ ನಾಲ್ಕು ಮುಖದ್ದು, ಎಂಟು ಮುಖದ್ದು, ಇಪ್ಪತ್ತು ಮುಖದ್ದು ಎಂದು ಬಗೆಬಗೆಯ ದಾಳಗಳು. ಒಬ್ಬರು ಕಥೆ ನಡೆಸಬೇಕು. ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗಿ, ನಾನೀಗ ಹೀಗೆ ಮಾಡುತ್ತೇನೆ ಎನ್ನಬೇಕು. ಅದು ಫಲಿಸಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ದಾಳಕ್ಕೂ ಮೇಲೆ ಪುಸ್ತಕ.

ಭಾನುವಾರ ಮಧ್ಯಾಹ್ನ ನನ್ನ ಬಾಡಿಗೆ ಮನೆಯ ಪಡಸಾಲೆಯಲ್ಲಿ ಮೂವರು ಕೂರುತ್ತಿದ್ದೆವು. ಕಥೆ ನಡೆಸುವವಳು ನಾನು. ಆಡುವವರು ನಮ್ಮ ಶಾಲೆಯ ಇಬ್ಬರು ಮೇಷ್ಟ್ರುಗಳು. ವೆಂಕಟೇಶ್ ಮುಳಬಾಗಿಲಿನ ಪುರೋಹಿತರ ಮನೆಯವರು, ಸಂಸ್ಕೃತ ಕಲಿಸುತ್ತಿದ್ದರು. ಮುನಿರಾಜು ವಕ್ಕಲೇರಿ ಕಡೆಯ ರೇಷ್ಮೆ ಬೆಳೆಗಾರರ ಮನೆಯವರು, ಡ್ರಾಯಿಂಗ್ ಮೇಷ್ಟ್ರು. ಇಂಗ್ಲಿಷ್ ಪುಸ್ತಕ ಓದುವುದು ಇಬ್ಬರಿಗೂ ಕಷ್ಟ. ಹಾಗಾಗಿ ನಾನು ಓದಿ ಹೇಳಿದ್ದೇ ನಿಯಮ.

ಮುನಿರಾಜುಗೆ ಉಗ್ಗು. ಸ್ಟಾಫ್ ರೂಮಿನಲ್ಲಿ ಅವರು ಒಂದು ಮಾತು ಶುರುಮಾಡಿದರೆ ನಾವೇ ಅದನ್ನು ಮುಗಿಸಿಬಿಡುತ್ತಿದ್ದೆವು. ಉಪಕಾರ ಎಂದುಕೊಂಡಿದ್ದೆವು. ಆದರೆ ಆಟದಲ್ಲಿ ಅವರ ಪಾತ್ರ ಗಂಗುಲಪ್ಪ ಎಂಬ ಬಾಯಿಬಡುಕ ಮುದಿ ಮಂತ್ರವಾದಿ. ಗಂಗುಲಪ್ಪನಾಗಿ ಕೂತರೆ ಮುನಿರಾಜು ಉಗ್ಗುತ್ತಿರಲಿಲ್ಲ. ಒಂದು ಸಲವೂ ಇಲ್ಲ. ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ, "ಏನ್ಲಾ, ನಂಗೇ ಬಾಗಿಲು ಹಾಕ್ತೀಯಾ? ಚೂಡು, ಈಗ ನೋಡು!" ಎಂದು ಅವರು ಗದರಿದರೆ ಪಕ್ಕದ ಮನೆಯವರು ಕಿಟಕಿಗೆ ಬರುತ್ತಿದ್ದರು. ಎರಡು ವರ್ಷ ಹೀಗೆ ನಡೆಯಿತು. ಆಮೇಲಾಮೇಲೆ ಶಾಲೆಯಲ್ಲೂ ಅವರ ಮಾತು ಸ್ವಲ್ಪ ಸಡಿಲಾಗಿತ್ತು — ಅಥವಾ ನನಗೆ ಹಾಗೆ ಅನ್ನಿಸುತ್ತಿತ್ತು.

ಸುಳ್ಳು ಓದಿದ ಆ ಭಾನುವಾರಕ್ಕಾಗಿ ನಾನು ಕಥೆಯೊಳಗೆ, ಅವರಿಬ್ಬರೂ ಹೊಗಬೇಕಾದ ಒಂದು ಕೋಟೆ ಕಟ್ಟಿದ್ದೆ. ಒಂದು ತಿಂಗಳು ಕೂತು, ಟೇಕಲ್ ಬೆಟ್ಟವನ್ನು ಮನಸ್ಸಿನಲ್ಲಿಟ್ಟುಕೊಂಡು, ಏಳು ಬಾಗಿಲು, ಬಾಗಿಲಿಗೊಂದು ಒಗಟು. ಮುನಿರಾಜು ಎರಡು ನಿಮಿಷ ಯೋಚಿಸಿದರು.

"ಗಂಗುಲಪ್ಪ ತನ್ನ ಮೇಲೇನೇ ಮಂತ್ರ ಹಾಕ್ಕಂತಾನೆ. ಹದ್ದಾಗ್ತಾನೆ. ಗೋಡೆ ಹಾರ್ತಾನೆ. ಒಳಗೆ ಮತ್ತೆ ಮನುಷ್ಯ ಆಗಿ ಅಗುಳಿ ತೆಗೀತಾನೆ. ಅಷ್ಟೇ!"

ಅಷ್ಟೇ. ನನ್ನ ಏಳು ಬಾಗಿಲೂ ಹೋದವು. ವೆಂಕಟೇಶ್ ತೊಡೆ ತಟ್ಟಿ ನಕ್ಕರು.

ನಾನು ಪುಸ್ತಕ ತೆಗೆದೆ. ರೂಪ ಬದಲಿಸುವ ಮಂತ್ರಗಳು ಅದರಲ್ಲಿ ಎರಡಿದ್ದವು. ತನ್ನ ಮೇಲೆ ತಾನೇ ಹಾಕಿಕೊಳ್ಳುವುದು ಒಂದು — ಮೈ ಬದಲಾಗುತ್ತದೆ, ಮನಸ್ಸು ತನ್ನದೇ ಇರುತ್ತದೆ. ಇನ್ನೊಬ್ಬರ ಮೇಲೆ ಹಾಕುವುದು ಇನ್ನೊಂದು — ಅದರಲ್ಲಿ ಮೈಯ ಜೊತೆ ಮನಸ್ಸೂ ಹೋಗಬಹುದು. ಪ್ರಾಣಿಯಾದವನು ತಾನು ಯಾರೆಂಬುದನ್ನೇ ಮರೆಯಬಹುದು. ಮೊದಲನೆಯದು ನನ್ನ ಹೆಬ್ಬೆರಳಿನ ಕೆಳಗೇ ಇತ್ತು. ನಾನು ಪುಟ ತಿರುವಿ ಎರಡನೆಯದನ್ನು ಓದಿದೆ.

"ಹದ್ದಾದವನಿಗೆ ಹದ್ದಿನ ಮನಸ್ಸೇ ಬರಬಹುದು. ಇಪ್ಪತ್ತರ ದಾಳದಲ್ಲಿ ಹದಿನೈದಕ್ಕಿಂತ ಹೆಚ್ಚು ಬೀಳದಿದ್ದರೆ ತಾನು ಗಂಗುಲಪ್ಪ ಅನ್ನೋದು ಮರೆತುಹೋಗುತ್ತೆ. ಮತ್ತೆ ಮನುಷ್ಯ ಆಗೋಕೆ ಆಗಲ್ಲ."

"ಅದ್ಹೇಗೆ ಮೇಡಂ?" ಎಂದರು ವೆಂಕಟೇಶ್. "ಪುರಾಣದಲ್ಲಿ ಶಾಪ ತಗಲಿ ಹಾವಾದೋನಿಗೂ ತಾನ್ಯಾರು ಅಂತ ನೆನಪಿರುತ್ತಲ್ಲ!"

"ಇದು ಪುರಾಣ ಅಲ್ಲ," ಎಂದೆ.

ಮುನಿರಾಜು ನನ್ನ ಮುಖವನ್ನೇ ನೋಡುತ್ತಿದ್ದರು. "ಪುಸ್ತಕದಾಗೆ ಹಂಗೇ ಐತಾ ಮೇಡಂ?"

"ಹಾಗೇ ಇದೆ."

ದಾಳ ನಾಲ್ಕಕ್ಕೆ ಬಿತ್ತು. ಗಂಗುಲಪ್ಪ ಬೆಟ್ಟದಾಚೆ ಹಾರಿಹೋದ. ಮುನಿರಾಜು ಏನೋ ಹೇಳಲು ಬಾಯಿ ತೆರೆದರು, ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡರು — ಆ ಪಡಸಾಲೆಯಲ್ಲಿ, ಆಟದ ನಡುವೆ, ಮೊದಲ ಸಲ. "ಪೋನೀ ಬಿಡಪ್ಪ, ಹೊಸ ಪಾತ್ರ ಮಾಡ್ಕೋ," ಎಂದು ವೆಂಕಟೇಶ್ ಅವರ ಮಾತನ್ನು ತಾವೇ ಮುಗಿಸಿದರು. ಮುಂದಿನ ಭಾನುವಾರ ಮುನಿರಾಜು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ಒಂದು ಮಾತು ಹೇಳಬೇಕು. ಕಥೆ ನಡೆಸುವವರು ನಿಯಮವನ್ನು ಬದಲಿಸಬಹುದು ಎಂದು ಅದೇ ಪುಸ್ತಕದಲ್ಲಿದೆ. ಮನಸ್ಸು ಹೋಗುತ್ತದೆ, ಇದು ನನ್ನ ತೀರ್ಮಾನ — ಎಂದು ನಾನು ಹೇಳಬಹುದಿತ್ತು. ಹಾಗೆ ಹೇಳಿದ್ದರೆ ಇವತ್ತಿಗೂ ತಲೆ ಎತ್ತಿ ಅದನ್ನು ಸಮರ್ಥಿಸುತ್ತಿದ್ದೆ. ಮನುಷ್ಯನ ಮನಸ್ಸಿಟ್ಟುಕೊಂಡು ಹದ್ದಾಗುವುದು ಅಷ್ಟು ಸಲೀಸಾಗಿರಬಾರದು ಎಂದು ಈಗಲೂ ವಾದಿಸಬಲ್ಲೆ. ಆದರೆ ಹಾಗೆ ಹೇಳಿದ್ದರೆ ಮುನಿರಾಜು ಜಗಳಕ್ಕೆ ನಿಲ್ಲುತ್ತಿದ್ದರು. ನನ್ನ ಜೊತೆ ಜಗಳವಾಡಬಹುದು. ತನಗೆ ಓದಲು ಬಾರದ ಪುಸ್ತಕದ ಜೊತೆ ಯಾರು ಜಗಳವಾಡುತ್ತಾರೆ? ಅದು ಗೊತ್ತಿದ್ದೇ ನಾನು ಪುಸ್ತಕದ ಹಿಂದೆ ನಿಂತೆ.

ಇನ್ನೂ ಕೆಟ್ಟದ್ದು ಮುಂದಿದೆ. ತಿಂಗಳಾದ ಮೇಲೆ ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ಮುನಿರಾಜು ಬಂದರು. ಕೈಯಲ್ಲಿ ಹೊಸ ಇಂಗ್ಲಿಷ್-ಕನ್ನಡ ನಿಘಂಟು.

"ಮೇಡಂ, ಆ ಪು... ಪುಸ್ತಕ ಒಂದ್ವಾರ ಕೊಡ್ತೀರಾ? ಡಿಕ್ಷನರಿ ಇಕ್ಕಂಡು ನಾನೇ ಓದ್ತೀನಿ."

"ಮಾವ ವಾಪಸ್ ತಗೊಂಡು ಹೋದ್ರು," ಎಂದೆ.

ಪುಸ್ತಕ ನನ್ನ ಟ್ರಂಕಿನಲ್ಲಿ, ಸೀರೆಗಳ ಕೆಳಗಿತ್ತು. ಆ ವರ್ಷವೇ ಅವರಿಗೆ ಶ್ರೀನಿವಾಸಪುರಕ್ಕೆ ವರ್ಗವಾಯಿತು.

ಎರಡು ವರ್ಷ ತಡೆದೆ. ಆಮೇಲೊಂದು ದಿನ ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡು, ಕೋಲಾರದಲ್ಲಿ ಬಸ್ಸು ಬದಲಿಸಿ, ಅವರ ಶಾಲೆಗೆ ಹೋದೆ. ಡ್ರಾಯಿಂಗ್ ರೂಮಿನಲ್ಲಿ ಒಬ್ಬರೇ ಬ್ರಷ್ ತೊಳೆಯುತ್ತಿದ್ದರು. ಕಾಫಿ ತರಿಸುತ್ತೇನೆ ಎಂದರು. ಬೇಡ ಎಂದು, ನಿಂತುಕೊಂಡೇ ಎಲ್ಲ ಹೇಳಿದೆ. ಎರಡೂ ಸುಳ್ಳು. ಪುಸ್ತಕವನ್ನು ಮೇಜಿನ ಮೇಲಿಟ್ಟೆ.

ಮಾತಾಡಲು ಅವರಿಗೆ ತುಂಬ ಹೊತ್ತು ಹಿಡಿಯಿತು. ಕಾದೆ. ಅವರ ಮಾತನ್ನು ನಾನು ಮುಗಿಸಲಿಲ್ಲ.

"ಗಂ... ಗಂಗುಲಪ್ಪ ಹೋದ, ಹೋಗ್ಲಿ. ಓದಾಕೆ ಕೇಳಿದ್ನಲ್ಲ ಮೇಡಂ... ಯಾಕ್ ಕೊಡ್ಲಿಲ್ಲ? ನಂಗೆ ಅರ್ಥ ಆಗ್ಬಿಟ್ರೆ ಅಂತ ತಾನೇ?"

"ಹೌದು."

ಕೈ ಒರೆಸಿಕೊಂಡು ಪುಸ್ತಕ ತೆರೆದರು. ಆ ಪುಟ ತಾವೇ ಹುಡುಕಿದರು. ಸಾಲಿನ ಕೆಳಗೆ ಬೆರಳಿಟ್ಟು, ಗಟ್ಟಿಯಾಗಿ, ಇಂಗ್ಲಿಷಿನಲ್ಲೇ, ತಡವರಿಸುತ್ತ, ಒಂದು ಪದವನ್ನೂ ಬಿಡದೆ ಕೊನೆಯವರೆಗೆ ಓದಿದರು. ಅಷ್ಟರಲ್ಲಿ ಬೆಲ್ ಹೊಡೆಯಿತು. ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು, "ಕ್ಲಾಸ್ ಐತೆ," ಎಂದರು. ಹೋದರು. ತಿರುಗಿ ನೋಡಲಿಲ್ಲ. ಆಮೇಲೆ ನಾವು ಭೇಟಿಯಾಗಿಲ್ಲ.

"ಒಂದು ಕ್ಷಮೆ ಕೇಳಬಾರದಿತ್ತೇ ಮೇಡಂ?" ಎಂದು, ನನ್ನಿಂದಲೇ ಎಲ್ಲ ತಿಳಿದ ಮೇಲೆ ವೆಂಕಟೇಶ್ ಆಗಾಗ ಅನ್ನುತ್ತಿದ್ದರು. ಕೇಳಲಿಲ್ಲ. ಅಷ್ಟು ಕಿತ್ತುಕೊಂಡ ಮೇಲೆ, ಕ್ಷಮೆಯನ್ನೂ ಕೊಡಿ ಎಂದು ಅವರ ಮುಂದೆ ಕೈಚಾಚಲೇ? ಆ ಸಿಟ್ಟು ಅವರದು. ಅವರ ಹತ್ತಿರವೇ ಇರಲಿ.

ನಾನೀಗ ನಿವೃತ್ತಳು. ನಮ್ಮ ಬೀದಿಯವರು ಆಫೀಸಿನ ಕಾಗದ, ಆಸ್ಪತ್ರೆ ಚೀಟಿ, ಏನೇ ಇಂಗ್ಲಿಷಿನಲ್ಲಿ ಬಂದರೂ ಹಿಡಿದುಕೊಂಡು ನನ್ನ ಬಾಗಿಲಿಗೆ ಬರುತ್ತಾರೆ. ಓದಿ ಹೇಳುತ್ತೇನೆ. ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು ತೋರಿಸುತ್ತೇನೆ. ಕೊನೆಗೆ, ಇನ್ನೊಬ್ಬರ ಹತ್ತಿರವೂ ಓದಿಸಿ ಎನ್ನುತ್ತೇನೆ.

"ಅಯ್ಯೋ, ನಿಮ್ಮನ್ನ ನಂಬಲ್ವಾ ಮೇಡಂ?" ಎಂದು ನಗುತ್ತಾರೆ.

"ನಂಬಬೇಡಿ," ಎನ್ನುತ್ತೇನೆ. ತಮಾಷೆ ಎಂದುಕೊಳ್ಳುತ್ತಾರೆ.