ಕರಿ ಎಳ್ಳಿನ ಬಟ್ಟಲು

ಪರದೇಶದ ಶೋರ್‌ಲೈನ್ ಎಂಬ ಊರಿನ ನಮ್ಮ ಅಪಾರ್ಟ್‌ಮೆಂಟಿಗೆ ಬರುವ ಮೊದಲು ನನಗಿದ್ದ ಚೀನೀ ಅಡುಗೆಯ ಜ್ಞಾನವೆಂದರೆ ಬೆಂಗಳೂರಿನ ತಳ್ಳುಗಾಡಿಯ ಗೋಬಿ ಮಂಚೂರಿ, ಅಷ್ಟೇ. ಎದುರು ಮನೆಯ ಚೀನೀ ಅಜ್ಜಿಗೆ ಅದರ ಫೋಟೋ ತೋರಿಸಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಇದು ಯಾವ ದೇಶದ್ದು?" ಎಂದು ಮಗಳ ಮೂಲಕ ಕೇಳಿಸಿದರು. ನನ್ನ ಮುಖ ಪೆಚ್ಚಾಯಿತು.

ಅಜ್ಜಿ ನಿಂಗ್ಬೋ ಎಂಬ ಕಡಲ ಬದಿಯ ಊರಿನವರು. ಅಲ್ಲಿ ಬೀದಿಯಲ್ಲಿ ಒಲೆ ಹೂಡಿ, ಟಾಂಗ್‌ಯುವಾನ್ ಮಾರಿ ಮಗಳನ್ನು ಓದಿಸಿದವರು. ಅಂಟಂಟಾದ ಅಕ್ಕಿಹಿಟ್ಟಿನ ಉಂಡೆಯೊಳಗೆ ಕರಿ ಎಳ್ಳು, ಸಕ್ಕರೆಯ ಹೂರಣ ತುಂಬಿ, ಬೇಯಿಸಿ, ಬೇಯಿಸಿದ ನೀರಿನ ಸಮೇತ ಬಟ್ಟಲಿಗೆ ಹಾಕಿಕೊಡುವ ತಿನಿಸು ಅದು. ನಮ್ಮ ಕಡುಬಿನ ದೂರದ ನೆಂಟ ಎನ್ನಬಹುದು. ಆದರೆ ಹೂರಣಕ್ಕೆ ಹಂದಿಯ ಕೊಬ್ಬು ಬೇಕೇ ಬೇಕು, ನಾನೋ ಮಾಂಸ ಮುಟ್ಟದವಳು. ಹಾಗಾಗಿ ಎರಡು ವರ್ಷ ಅವರು ನನಗೆ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ತಿನ್ನಿಸಿದರು. ಈರುಳ್ಳಿ ಸೊಪ್ಪು ಸುತ್ತಿದ ಪದರ ರೊಟ್ಟಿ ಕಲಿಸಿದರು. ಗಿಣ್ಣಿನಂತೆ ನಡುಗುವ ಸೋಯಾ ಹಾಲಿನ ತಿಂಡಿ ಮಾಡಿದರು. ಅದಕ್ಕೆ ಅವರ ಊರಿನಲ್ಲಿ ಉಪ್ಪು ಖಾರ; ಚೀನಾದ ದಕ್ಷಿಣ ತುದಿಯವನಾದ ಅಳಿಯ ಶುಂಠಿಯ ಪಾಕ ಸುರಿದುಕೊಂಡಾಗಲೆಲ್ಲ ಅಜ್ಜಿ ಮುಖ ಸಿಂಡರಿಸುತ್ತಿದ್ದರು. ವಾರವಿಡೀ ಲ್ಯಾಪ್‌ಟಾಪಿನೊಂದಿಗೇ ಮಾತಾಡುವ ನನಗೆ ಮನುಷ್ಯರ ಸಹವಾಸ ಎಂದರೆ ಆ ಅಡುಗೆಮನೆ. ಅದು ತಪ್ಪಿದರೆ, ಗಂಡನನ್ನು ಬಿಟ್ಟು ನನಗೆ ಈ ಊರಿನಲ್ಲಿ ಇನ್ಯಾರೂ ಇರಲಿಲ್ಲ.

ಕಳೆದ ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಅಜ್ಜಿ, ಕೈಯಲ್ಲೊಂದು ಬಟ್ಟಲು. ಹುರಿದು ಪುಡಿ ಮಾಡಿದ ಕರಿ ಎಳ್ಳು, ಘಮ್ಮೆನ್ನುತ್ತಿತ್ತು. "ನೋ ಪಿಗ್! ಕೋಕನಟ್!" ಎಂದರು. ನನಗೋಸ್ಕರ ಹಂದಿ ಕೊಬ್ಬು ಬಿಟ್ಟು ಕೊಬ್ಬರಿ ಎಣ್ಣೆಯಲ್ಲಿ ಹೂರಣ ಕಲೆಸಿದ್ದರು. ಅವರ ಪದ್ಧತಿಯ ಪ್ರಕಾರ ಎರಡೂ ಕೈಯಿಂದ ಬಟ್ಟಲನ್ನು ನನ್ನೆಡೆಗೆ ಚಾಚಿದರು.

ನನ್ನ ಕೈಗಳು ತಟ್ಟನೆ ಹಿಂದೆ ಸರಿದವು.

ಎಳ್ಳನ್ನು, ಉಪ್ಪನ್ನು ಕೈಯಿಂದ ಕೈಗೆ ತೆಗೆದುಕೊಳ್ಳಬಾರದು, ಜಗಳವಾಗುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಹಾಗಾದರೆ ಸಂಕ್ರಾಂತಿಗೆ ಮನೆಮನೆಗೆ ಎಳ್ಳು ಬೀರುವಾಗ ಜಗಳ ಎಲ್ಲಿ ಹೋಗಿರುತ್ತದೆ ಎಂದು ನಾನು ವಾದಿಸಿದರೆ, "ಅದು ಬಿಳಿ ಎಳ್ಳು ಕಣೆ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಶಕುನ, ರಾಹುಕಾಲ ಎಂದರೆ ಉರಿದು ಬೀಳುವವಳು ನಾನು. ಆದರೂ ಆ ಕ್ಷಣ ನನ್ನ ಬಾಯಿಂದ ಬಂದದ್ದು, "ನೋ ನೋ, ಡೌನ್, ಪ್ಲೀಸ್." ಜೊತೆಗೆ ಬೆರಳಿನಿಂದ ನೆಲ ತೋರಿಸಿದೆ.

ಅಜ್ಜಿಗೆ ಮಂಡಿ ನೋವು. ಗೋಡೆ ಹಿಡಿದು ನಿಧಾನವಾಗಿ ಬಗ್ಗಿ, ನಮ್ಮ ಚಪ್ಪಲಿಗಳ ಪಕ್ಕದಲ್ಲಿ ಬಟ್ಟಲನ್ನು ಇಟ್ಟರು. ಎದ್ದು ತಮ್ಮ ಅಂಗೈಗಳನ್ನೊಮ್ಮೆ ನೋಡಿಕೊಂಡರು. ತಮ್ಮ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಗಂಡ ಹಾಲ್‌ನಿಂದ ನೋಡುತ್ತಿದ್ದ. "ಏನೇ ಇದು? ನಮ್ಮಜ್ಜಿ ಹಿತ್ಲಲ್ಲಿ ಕೆಲಸದವ್ಳಿಗೆ ಹೇಳ್ತಿದ್ಲಲ್ಲ, ಅಲ್ಲೇ ಇಟ್ಟು ಹೋಗು ಅಂತ, ಥೇಟ್ ಹಾಗೇ ಇತ್ತು."

"ಸುಮ್ನಿರಿ, ಎಳ್ಳು ಅಂತ ಹೇಳ್ದೆ ಅಷ್ಟೇ," ಎಂದು ರೇಗಿದೆ. ರೇಗಿದ್ದು ಅವನು ಹೇಳಿದ್ದು ನಿಜವಾದ್ದರಿಂದ. ನಮ್ಮ ಮನೆಯ ಹಿತ್ತಿಲಿನಲ್ಲೂ ಹಾಗೆ ಒಬ್ಬಾಕೆ ಬಗ್ಗುತ್ತಿದ್ದಳು. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಅದೇ ಮಾತು, ಅದೇ ಬೆರಳು.

ಮೂರು ದಿನ ಎದುರು ಮನೆಯ ಬಾಗಿಲು ನನಗಾಗಿ ತೆರೆಯಲಿಲ್ಲ. ನಾಲ್ಕನೆಯ ದಿನ ನಾನೇ ಹೋಗಿ ಬಡಿದೆ. ಅಜ್ಜಿಯ ಮಗಳು ತೆಗೆದಳು. "ನನ್ನ ಕೈ ವಾಸನೆ ಬರುತ್ತಾ ಅಂತ ಅಮ್ಮ ಕೇಳ್ತಿದ್ದಾರೆ," ಎಂದು ಇಂಗ್ಲಿಷಿನಲ್ಲಿ ತಣ್ಣಗೆ ಹೇಳಿದಳು. ಆ ಕೈಯಿಂದ ಒಂದಿಡೀ ಬೀದಿ ತಿಂದು ಬೆಳೆದಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ತೊದಲುತ್ತಾ ಎಳ್ಳು, ಜಗಳದ ಕಥೆಯನ್ನೆಲ್ಲ ಹೇಳಿದೆ. ನಿಮ್ಮ ಜೊತೆ ಜಗಳ ಆಗಬಾರದು ಅಂತಲೇ ಹಾಗೆ ಮಾಡಿದೆ ಎಂದೆ. ಮಗಳು ಅದನ್ನು ಚೀನೀ ಭಾಷೆಗೆ ತಿರುಗಿಸಿದಳು. ಒಳಗೆ ಕುಳಿತಿದ್ದ ಅಜ್ಜಿ ತೊಡೆ ತಟ್ಟಿಕೊಂಡು ನಕ್ಕರು. ನಾನೂ ನಕ್ಕೆ. ಹಿತ್ತಿಲಿನ ವಿಷಯ ಮಾತ್ರ ಎತ್ತಲಿಲ್ಲ. ಧೈರ್ಯ ಸಾಲಲಿಲ್ಲ, ಅದಕ್ಕೆ ಇವತ್ತಿಗೂ ನಾಚಿಕೆಯಿದೆ.

ಅಂದೇ ಅಜ್ಜಿ ಹಿಟ್ಟು ನಾದಿದರು. ಹೂರಣ ತುಂಬಿ ಬಾಯಿ ಮುಚ್ಚುವುದನ್ನು ಕಲಿಸಿದರು. ನನ್ನ ಉಂಡೆಗಳು ನೀರಿನಲ್ಲಿ ಒಡೆದು ಕರ್ರಗೆ ಸೋರಿದವು, ಅವರವು ದುಂಡಗೆ ತೇಲಿ ಬಂದವು. ಒಡೆಯದವುಗಳನ್ನೇ ಆರಿಸಿ ನನ್ನ ಬಟ್ಟಲಿಗೆ ಹಾಕಿದರು. ಬಟ್ಟಲು ಎತ್ತಿದವರು ಏನೋ ನೆನಪಾದಂತೆ ಅದನ್ನು ಮತ್ತೆ ಕಟ್ಟೆಯ ಮೇಲಿಟ್ಟರು. ಸಿಂಕಿನ ಹತ್ತಿರ ಹೋಗಿ ಮಣಿಕಟ್ಟಿನವರೆಗೂ ಸೋಪು ಹಚ್ಚಿ ತೊಳೆದರು, ಒರೆಸಿಕೊಂಡರು. ಆಮೇಲೆ ಶಾಲೆಯಲ್ಲಿ ಮಕ್ಕಳು ಟೀಚರಿಗೆ ಉಗುರು ತೋರಿಸುವ ಹಾಗೆ, ಎರಡೂ ಕೈಗಳನ್ನು ಮುಂದೆ ಮಾಡಿ, ತಿರುಗಿಸಿ ನನಗೆ ತೋರಿಸಿದರು. ನಗುತ್ತಲೇ ತೋರಿಸಿದರು.

ಬಟ್ಟಲನ್ನು ಅವರ ಕೈಯಿಂದಲೇ ತೆಗೆದುಕೊಂಡೆ. ಅವರ ಬೆರಳುಗಳಿಂದ ಎಳ್ಳಿನ ಘಮ ಬರುತ್ತಿರಲಿಲ್ಲ. ಬರೀ ಸೋಪಿನ ವಾಸನೆ.