ಕೂವೆ ಹಿಟ್ಟು ಮತ್ತು ಒಂದು ಇಂಗ್ಲಿಷ್ ಕ್ರಿಯಾಪದ

ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆಗೆ ಒಂದು ಇಂಗ್ಲಿಷ್ ಪದ ಬಂದು ಕೂತಿತು: ಇಲೂಟ್ರಿಯೇಟ್. ಕೊಚ್ಚಿಯಲ್ಲಿ ಶಾಲಾ ಮಕ್ಕಳಿಗೊಂದು ಸ್ಪರ್ಧೆಯಿತ್ತು. ಪ್ರತಿ ಮಗುವಿಗೂ ಅಪರೂಪದ ಒಂದು ಕ್ರಿಯಾಪದವನ್ನು ಮೊದಲೇ ಕೊಟ್ಟಿರುತ್ತಾರೆ. ವೇದಿಕೆಯ ಮೇಲೆ ಅದರ ಅರ್ಥ ಹೇಳಿ, ಬಳಕೆ ತೋರಿಸಿ, ತೀರ್ಪುಗಾರರ ಪ್ರಶ್ನೆಗೆ ಉತ್ತರಿಸಬೇಕು. ಇವಳ ಪಾಲಿಗೆ ಬಂದದ್ದು ಇದು.

ನಾವು ಪುತ್ತೂರಿನ ಕಡೆಯವರು. ಗಂಡನಿಗೆ ಕೊಚ್ಚಿಯ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸ, ನನಗೆ ತಿರುವನಂತಪುರದ ಪಟ್ಟಂನಲ್ಲಿ ಬ್ಯಾಂಕ್ ಕೆಲಸ. ವಾರವಿಡೀ ಫ್ಲ್ಯಾಟಿನಲ್ಲಿ ನಾನು ಮತ್ತು ಮಗಳು ಇಬ್ಬರೇ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಮಲಯಾಳದಲ್ಲಿ ಉತ್ತರಿಸುತ್ತಾಳೆ. ಅದು ಇಬ್ಬರಿಗೂ ಒಗ್ಗಿಹೋಗಿದೆ.

ಡಿಕ್ಷನರಿಯ ಸಾಲು ಅವಳಿಗೆ ಬಾಯಿಪಾಠವಾಗಿತ್ತು. ನೀರಿನಲ್ಲಿ ತೊಳೆದು, ತಳ ಸೇರಲು ಬಿಟ್ಟು, ಬಸಿದು ಶುದ್ಧ ಮಾಡುವುದು. ಆದರೆ ಸ್ವಂತ ವಾಕ್ಯ ಮಾಡು ಎಂದರೆ ಬಾಯಿ ಕಟ್ಟುತ್ತಿತ್ತು. ಒಂದು ಸಂಜೆ ಪುಸ್ತಕ ಮುಚ್ಚಿ, "ಎನಿಕ್ಕ್ ಪಟ್ಟಿಲ್ಲಮ್ಮಾ" ಎಂದಳು. ನನ್ನಿಂದಾಗುವುದಿಲ್ಲ ಅಂತ. ಟೀಚರಿಗೆ ಹೇಳಿ ಹೆಸರು ವಾಪಸು ತೆಗೆದುಕೊಳ್ಳುತ್ತಾಳಂತೆ. ನಾನು ಒತ್ತಾಯ ಮಾಡಲಿಲ್ಲ.

ಆ ವಾರದ ಕೊನೆಗೆ ಚಾಲೈ ಪೇಟೆಗೆ ಹೋದಾಗ ತಾಜಾ ಕೂವೆಗಡ್ಡೆ, ಅಂದರೆ ಆರಾರೂಟ್ ಗಡ್ಡೆ, ಕಂಡಿತು. ಆಸೆಯಾಗಿ ಒಂದು ಚೀಲ ತಂದೆ. ಗಡ್ಡೆ ಹೆಚ್ಚಿ, ಮಿಕ್ಸಿಯಲ್ಲಿ ರುಬ್ಬಿ, ಬಟ್ಟೆಯಲ್ಲಿ ಸೋಸಿ, ಹಾಲಿನಂಥ ನೀರನ್ನು ಪಾತ್ರೆಯಲ್ಲಿ ಅಲುಗಿಸದೆ ಇಟ್ಟೆ. ಹಿಟ್ಟು ತಳದಲ್ಲಿ ಕೂತಿತು. ಮೇಲಿನ ಕಂದು ನೀರನ್ನು ಮೆಲ್ಲಗೆ ಬಗ್ಗಿಸಿ ಚೆಲ್ಲಿ, ಹೊಸ ನೀರು ಹೊಯ್ಯುವಾಗ ತಟ್ಟನೆ ಹೊಳೆಯಿತು.

"ಏ, ಇಲ್ಲಿ ಬಾ ಮಾರಾಯ್ತಿ! ನಿನ್ನ ಪದ ಅಡುಗೆಮನೆಯಲ್ಲಿ ಉಂಟು."

ಬಂದು ನೋಡಿದಳು. ಮುಂದಿನ ನೀರನ್ನು ಅವಳೇ ಬಸಿದಳು. ಮೊದಲ ಸಲ ಅವಸರಪಟ್ಟು ಅರ್ಧ ಹಿಟ್ಟನ್ನೂ ಸಿಂಕಿಗೆ ಬಿಟ್ಟಳು. ಆಮೇಲೆ ಕೈ ಹದಕ್ಕೆ ಬಂತು. ನಡುವೆ ನಿಲ್ಲಿಸಿ, "ಅಪ್ಪೋ ಏದಾ ನಲ್ಲದ್?" ಎಂದಳು. ಒಳ್ಳೆಯದು ಯಾವುದು, ಮೇಲಿನದೋ ಕೆಳಗಿನದೋ? ನಯವಾದದ್ದು ನೀರಿನ ಜೊತೆ ಹೋಗುತ್ತದೆ, ಒರಟಾದದ್ದು ಉಳಿಯುತ್ತದೆ ಎಂದು ಅವಳು ಎಲ್ಲೋ ಓದಿದ್ದಳು.

"ನಮಗೆ ಬೇಕಾದ್ದು ಕೆಳಗಿನದು. ಮೇಲಿನದು ಕಹಿ, ನಾಲಗೆಗೆ ಹಚ್ಚಿ ನೋಡು."

ಹಚ್ಚಿ ನೋಡಿ ಮುಖ ಸಿಂಡರಿಸಿದಳು. ಪಾತ್ರೆಗೆ ಮತ್ತೆ ನೀರು ಹೊಯ್ಯುತ್ತ, ಈ ಸಲ ಕನ್ನಡದಲ್ಲೇ ಕೇಳಿದಳು, "ಇದಕ್ಕೆ ಕನ್ನಡದಲ್ಲಿ ಏನು ಹೇಳೋದು?"

"ತಿಳಿ ಬಸಿಯೋದು."

ಹೆಸರು ವಾಪಸು ತೆಗೆದುಕೊಳ್ಳುವ ಮಾತು ಮತ್ತೆ ಬರಲಿಲ್ಲ. ಹಿಟ್ಟು ಬಾಲ್ಕನಿಯ ಬಿಸಿಲಲ್ಲಿ ಒಣಗಿ ಬೆಳ್ಳಗಾಯಿತು, ಮುಟ್ಟಿದರೆ ಕಿರುಗುಟ್ಟುತ್ತಿತ್ತು. ಸ್ಪರ್ಧೆಗೆ ಹೊರಟಾಗ ಒಂದು ಡಬ್ಬಿಯಲ್ಲಿ ತುಂಬಿಕೊಂಡೆವು.

ಕೊಚ್ಚಿಯ ಸಭಾಂಗಣದಲ್ಲಿ ನಾನು, ಅವಳಪ್ಪ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಅವಳು ನಡುಗುವ ದನಿಯಲ್ಲಿ ಶುರುಮಾಡಿದರೂ ಅಡುಗೆಮನೆಯ ಕೂವೆ ಹಿಟ್ಟಿನ ಮಾತಿಗೆ ಬಂದ ಕೂಡಲೇ ದನಿ ಗಟ್ಟಿಯಾಯಿತು. ನರೆಗೂದಲಿನ ತೀರ್ಪುಗಾರ್ತಿಯೊಬ್ಬರು ಇಂಗ್ಲಿಷಿನಲ್ಲಿ ಕೇಳಿದರು, "ಹಾಗಾದರೆ ಶುದ್ಧವಾದದ್ದು ಯಾವುದಮ್ಮ, ಬಸಿದದ್ದೋ ಉಳಿದದ್ದೋ?"

"ಯಾರಿಗೆ ಏನು ಬೇಕು ಅನ್ನುವುದರ ಮೇಲೆ ಮೇಡಂ. ನನ್ನ ಅಮ್ಮನಿಗೆ ಉಳಿದದ್ದು ಬೇಕು," ಎಂದಳು ಅವಳೂ ಇಂಗ್ಲಿಷಿನಲ್ಲೇ. ಸಭೆ ನಕ್ಕಿತು. ಅವರು ಬಿಡಲಿಲ್ಲ: ನಿಮ್ಮ ಮನೆಯ ಭಾಷೆಯಲ್ಲಿ ಇದಕ್ಕೆ ಪದವಿದೆಯೇ?

ಮೈಕಿನಲ್ಲಿ ಸ್ಪಷ್ಟವಾಗಿ ಕೇಳಿಸಿತು, "ತಿಳಿ ಬಸಿಯೋದು."

ಅಷ್ಟು ಮಂದಿಯ ನಡುವೆ ಆ ಪದ ನನಗೂ ನನ್ನ ಗಂಡನಿಗೂ ಮಾತ್ರ ಅರ್ಥವಾಗಿತ್ತೋ ಏನೋ. ಇವರು ನನ್ನ ಕೈ ಹಿಡಿದು ಹಿಸುಕಿದರು. ನನಗೆ ಕಣ್ಣು ಮಂಜಾಯಿತು.

ಎರಡನೇ ಬಹುಮಾನ ಬಂತು. ಸಂಜೆ ಇವರ ಬಾಡಿಗೆ ಕೋಣೆಯ ಒಂಟಿ ಒಲೆಯ ಮೇಲೆ, ಡಬ್ಬಿಯ ಹಿಟ್ಟಿಗೆ ಬೆಲ್ಲ, ಪ್ಯಾಕೆಟ್ಟಿನ ತೆಂಗಿನ ಹಾಲು ಸೇರಿಸಿ ಮಣ್ಣಿ ಕಾಯಿಸಿದೆ. ಹಲ್ವದಂತೆ ಗಟ್ಟಿಯಾಗಿ ತುಂಡು ಬೀಳಬೇಕಿದ್ದದ್ದು ಗಂಜಿಯಂತೆ ತೆಳ್ಳಗಾಯಿತು. ತಟ್ಟೆಗೆ ಹಾಕುವ ಹಾಗಿರಲಿಲ್ಲ. ಇವರು ಸ್ಟೀಲ್ ಲೋಟಗಳನ್ನು ತೊಳೆದು ತಂದರು. ಮೂವರೂ ಮಂಚದ ಅಂಚಿಗೆ ಕೂತು ಬಿಸಿಬಿಸಿಯಾಗಿ ಕುಡಿದೆವು, ಮಗಳು ಇನ್ನೊಂದು ಲೋಟ ಕೇಳಿ ಹಾಕಿಸಿಕೊಂಡಳು.